ಪಾತ್ರಕ್ರೀಡೆಯಲ್ಲಿ ಪ್ರಣಯ ಮತ್ತು ಆಟಗಾರರ ಮಿತಿಗಳು

ಪರಸ್ಪರ ಮುಖಪರಿಚಯವಿಲ್ಲದ ಇಬ್ಬರು ಅಥವಾ ಅನೇಕರು ಗಣಕಜಾಲದ ಮೂಲಕ ಒಂದೊಂದು ಕಲ್ಪಿತ ಪಾತ್ರವನ್ನು ವಹಿಸಿಕೊಂಡು, ಆ ಪಾತ್ರದ ನಡೆನುಡಿಗಳನ್ನು ಸರದಿಯ ಮೇಲೆ ಬರೆಯುತ್ತ, ಯಾರೊಬ್ಬರ ಪೂರ್ವಯೋಜನೆಗೂ ಪೂರ್ತಿಯಾಗಿ ಒಳಪಡದ ಕಥೆಯೊಂದನ್ನು ಕೂಡಿ ಕಟ್ಟುವ ವಿನೋದಕ್ಕೆ ಪಾತ್ರಕ್ರೀಡೆಯೆಂದೂ, ಆಡುವವರ ರೂಢಿಯ ಮಾತಿನಲ್ಲಿ ರೋಲ್‌ಪ್ಲೇ ಅಥವಾ ಚಿಕ್ಕದಾಗಿ ಆರ್‌ಪಿ ಎಂದೂ ಹೆಸರು. ಈ ಕಥೆಗಳಲ್ಲಿ ಯುದ್ಧ, ಪ್ರಯಾಣ, ರಾಜತಂತ್ರಗಳಿಗಿರುವ ಸ್ಥಾನ ಪ್ರಣಯಕ್ಕೂ ಉಂಟು. ಎಷ್ಟೋ ಸಮುದಾಯಗಳಲ್ಲಿ ಪ್ರಣಯಕ್ಕೇ ಅಗ್ರಸ್ಥಾನ. ಪಾತ್ರಗಳು ಪ್ರೀತಿಸಿದಾಗ ಅವುಗಳ ಹಿಂದಿರುವ ಮನುಷ್ಯರಿಗೆ ಆಗುವುದೇನು, ಆಗಬಾರದುದೇನು ಎಂಬ ಪ್ರಶ್ನೆ ಈ ವಿನೋದದಷ್ಟೇ ಹಳೆಯದು. ಅದಕ್ಕೆ ಸಮುದಾಯಗಳು ಕಾಲಕಾಲಕ್ಕೆ ಕಂಡುಕೊಂಡ ಉತ್ತರಗಳು ಹೊರನೋಟಕ್ಕೆ ನಿಯಮ, ಆಜ್ಞೆ, ಶಿಕ್ಷೆಗಳಂತೆ ತೋರಿದರೂ ಅವೆಲ್ಲವುಗಳ ಬುಡದಲ್ಲಿರುವ ಉಪಾಯ ಒಂದೇ: ಕಥೆಯ ಮಾತಿನ ಪಕ್ಕದಲ್ಲಿ, ಕಥೆಗೆ ಸೇರದ ಇನ್ನೊಂದು ಮಾತನ್ನು ಎಡೆಬಿಡದೆ ನಡೆಸಿಕೊಂಡು ಬರುವುದು.

ಪಾತ್ರವಾಗಿ ಬರೆದುದನ್ನು ಆಟಗಾರರು ಐಸಿ ಎಂದೂ, ತಾವಾಗಿ ಬರೆದುದನ್ನು ಓಓಸಿ ಎಂದೂ ಕರೆಯುತ್ತಾರೆ. ಇವನ್ನು ಇಲ್ಲಿ ಒಳಮಾತು, ಹೊರಮಾತು ಎನ್ನಬಹುದು. ಹೊರಮಾತನ್ನು ಜೋಡಿ ಆವರಣಚಿಹ್ನೆಗಳ ನಡುವೆ ಇಡುವುದು, ಇಲ್ಲವೆ ಅದಕ್ಕೆಂದೇ ಬೇರೆಯೊಂದು ಚಾನೆಲನ್ನು ಇರಿಸಿಕೊಳ್ಳುವುದು ಪದ್ಧತಿ. ಮಾನವಶಾಸ್ತ್ರಜ್ಞರಾದ ಗ್ರೆಗರಿ ಬೇಟ್ಸನ್ ಅವರು ಸಾನ್ ಫ್ರಾನ್ಸಿಸ್ಕೋದ ಮೃಗಾಲಯದಲ್ಲಿ ಮಂಗಗಳು ಹುಸಿಯಾಗಿ ಕಚ್ಚಾಡುವುದನ್ನು ನೋಡಿ, 1955ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ, ‘ಇದು ಆಟ’ ಎಂಬ ಸಂಜ್ಞೆಯನ್ನು ಪ್ರಾಣಿಗಳು ಸಹ ಪರಸ್ಪರ ಕೊಟ್ಟುಕೊಳ್ಳುತ್ತವೆಂದೂ, ಆ ಸಂಜ್ಞೆಯಿಲ್ಲದೆ ಆಟವೆಂಬುದೇ ಸಂಭವಿಸದೆಂದೂ ಪ್ರತಿಪಾದಿಸಿದರು. ಹುಸಿಕಡಿತಕ್ಕೂ ನಿಜವಾದ ಕಡಿತಕ್ಕೂ ಹಲ್ಲಿನ ಒತ್ತಡದಲ್ಲಿಯಾದರೂ ಭೇದವುಂಟು. ಆದರೆ ರಾಜಕುಮಾರನೊಬ್ಬ ತನ್ನ ಸಖಿಗೆ ಬರೆದ ಒಲವಿನ ವಾಕ್ಯಕ್ಕೂ, ಅದೇ ವಾಕ್ಯವನ್ನು ರಾಜಕುಮಾರನ ಹಿಂದಿರುವ ಬರಹಗಾರ ಸಖಿಯ ಹಿಂದಿರುವ ಬರಹಗಾರ್ತಿಗೆ ಬರೆದುದಕ್ಕೂ ಅಕ್ಷರದಲ್ಲಿ ಎಳ್ಳಷ್ಟೂ ಭೇದವಿಲ್ಲ. ಆದುದರಿಂದ ಈ ಆಟದಲ್ಲಿ ಸಂಜ್ಞೆಯನ್ನು ವಾಕ್ಯದ ಹೊರಗಿನಿಂದಲೇ ಕೊಡಬೇಕು.

ಪ್ರಣಯವೇ ಇಲ್ಲಿ ಇಷ್ಟು ಹಬ್ಬುವುದಕ್ಕೆ ಕಾರಣವನ್ನು ಆಡುವವರ ಚಾಪಲ್ಯದಲ್ಲಿ ಹುಡುಕುವುದು ವಾಡಿಕೆಯಾಗಿದ್ದರೂ, ಕಾರಣ ಬಹುಮಟ್ಟಿಗೆ ಈ ಕಲೆಯ ರಚನೆಯಲ್ಲಿಯೇ ಅಡಗಿದೆ. ಪಾತ್ರಕ್ರೀಡೆಯ ಕಥೆಗೆ ಗೊತ್ತಾದ ಅಂತ್ಯವಿಲ್ಲ. ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯತಕ್ಕುದು. ಯುದ್ಧವಾದರೆ ಜಯಾಪಜಯಗಳಲ್ಲಿ ಮುಗಿಯುತ್ತದೆ, ರಹಸ್ಯವಾದರೆ ಬಯಲಾದೊಡನೆ ತೀರುತ್ತದೆ; ಅನುರಾಗವೊಂದೇ ಶಂಕೆ, ವಿರಹ, ಪ್ರಣಯಕೋಪ, ಪುನರ್ಮಿಲನಗಳ ದಾರಿಯಲ್ಲಿ ಎಷ್ಟು ಕಾಲ ಬೇಕಾದರೂ ಬೆಳೆಯಬಲ್ಲ ವಸ್ತು, ಅದಕ್ಕೆ ಇಬ್ಬರಿದ್ದರೆ ಸಾಕು. ಮೇಲಾಗಿ, ಇಬ್ಬರು ಬರಹಗಾರರು ಪ್ರತಿರಾತ್ರಿಯೂ ಒಬ್ಬರ ವಾಕ್ಯಕ್ಕೆ ಇನ್ನೊಬ್ಬರು ಕಾದು, ಓದಿ, ಅದರ ಧ್ವನಿಯನ್ನು ಹಿಡಿದು ಉತ್ತರಿಸಬೇಕಾದುದರಿಂದ, ಪಾತ್ರಗಳು ಹಗೆಗಳೇ ಆಗಿದ್ದರೂ ಬರಹಗಾರರ ನಡುವೆ ಗಾಢವಾದ ಒಂದು ಅವಧಾನ ಹುಟ್ಟುತ್ತದೆ. ತನ್ನ ಮಾತನ್ನು ಇಷ್ಟು ಶ್ರದ್ಧೆಯಿಂದ ಕೇಳುವವರು ಲೋಕದಲ್ಲಿ ಅಪರೂಪವಾದುದರಿಂದ ಆ ಅವಧಾನವನ್ನೇ ಪ್ರೇಮವೆಂದು ಭ್ರಮಿಸುವುದು ಸುಲಭ; ನ್ಯಾಯವಾಗಿ ಹೇಳುವುದಾದರೆ ಅದು ಯಾವಾಗಲೂ ಭ್ರಮೆಯೂ ಅಲ್ಲ, ಹೀಗೆ ಪರಿಚಿತರಾಗಿ ಮದುವೆಯಾಗಿ ಸುಖವಾಗಿರುವವರೂ ಇದ್ದಾರೆ.

ನಮ್ಮ ಆಲಂಕಾರಿಕರು ಈ ತೊಡಕನ್ನು ಬೇರೊಂದು ಸಂದರ್ಭದಲ್ಲಿ ಎದುರಿಸಿದ್ದುಂಟು. ಅಭಿನವಗುಪ್ತನು ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸುವಾಗ, ಸಹೃದಯನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನೂ ಅವುಗಳಲ್ಲಿ ಒಂದಾಗಿ ಹೇಳಿದ್ದಾನೆ. ನಾಟ್ಯದಲ್ಲಿ ಗೀತ, ವಾದ್ಯ, ರಂಗಾಲಂಕಾರಗಳು ಆ ವಿಘ್ನವನ್ನು ಕಳೆದು, ರಂಗದ ಮೇಲಣ ರತಿಯನ್ನು ಇಂಥವನದೂ ಅಲ್ಲದ ತನ್ನದೂ ಅಲ್ಲದ ಸಾಧಾರಣಭಾವವನ್ನಾಗಿ ಮಾಡುತ್ತವೆ. ಪಾತ್ರಕ್ರೀಡೆಯಲ್ಲಾದರೋ ಕವಿಯೂ ನಟನೂ ಸಹೃದಯನೂ ಒಬ್ಬನೇ; ಅವನ ಎದುರಿಗಿರುವವಳಿಗೂ ಮೂರು ಕೆಲಸ. ನಿಷ್ಪಕ್ಷಪಾತವಾಗಿ ನೋಡುವ ಮೂರನೆಯ ಕಣ್ಣು ಅಲ್ಲಿಲ್ಲದುದರಿಂದ ಸಾಧಾರಣೀಕರಣದ ಹೊಣೆಯೂ ಆ ಇಬ್ಬರ ಮೇಲೆಯೇ ಬೀಳುತ್ತದೆ. ಕರಾವಳಿ ಮತ್ತು ಮಲೆನಾಡಿನ ತಾಳಮದ್ದಲೆಯನ್ನು ಕೇಳಿದವರಿಗೆ ಇದರ ಸ್ವಲ್ಪ ಅಂದಾಜು ಸಿಕ್ಕೀತು: ಬರೆದಿಟ್ಟ ಸಂಭಾಷಣೆಯಿಲ್ಲದೆ ಕೃಷ್ಣನಾಗಿ, ಕರ್ಣನಾಗಿ ವಾದಕ್ಕೆ ಕುಳಿತ ಅರ್ಥಧಾರಿಗಳಲ್ಲಿ ಪಾತ್ರದ ಜಗಳ ವ್ಯಕ್ತಿಯ ಜಗಳವಾಗುವ ಅಂಚಿಗೆ ಬಂದು ನಿಲ್ಲುವುದುಂಟು. ಅಲ್ಲಿ ಭಾಗವತನಿದ್ದಾನೆ, ಮುಂದಿನ ಪದ್ಯವನ್ನೆತ್ತಿ ಪ್ರಸಂಗವನ್ನು ಮುಂದಕ್ಕೆ ಒಯ್ಯುತ್ತಾನೆ. ಅಂತರ್ಜಾಲದ ಪ್ರಣಯಿಗಳಿಗೆ ಆ ಅನುಕೂಲವೂ ಇಲ್ಲ.

ಹೊರಮಾತಿಲ್ಲದ ಪಾತ್ರದಿಂದ ಒದಗುವ ಅನರ್ಥಕ್ಕೆ ಹಳೆಯದೂ ಪ್ರಸಿದ್ಧವೂ ಆದ ನಿದರ್ಶನವೊಂದನ್ನು ಲಿಂಡ್ಸಿ ವ್ಯಾನ್ ಗೆಲ್ಡರ್ ಅವರು 1985ರಲ್ಲಿ ಅಮೆರಿಕದ ‘ಮಿಸ್’ ಪತ್ರಿಕೆಯಲ್ಲಿ ವರದಿಮಾಡಿದರು. ಕಂಪ್ಯುಸರ್ವ್ ಎಂಬ ಜಾಲಸೇವೆಯ ಹರಟೆಯ ತಾಣದಲ್ಲಿ ಜೋನ್ ಎಂಬ ಹೆಸರಿನ ಹೆಂಗಸೊಬ್ಬಳು, ಅಪಘಾತದಲ್ಲಿ ಅಂಗವಿಕಲಳಾಗಿ ಮಾತನ್ನೂ ಕಳೆದುಕೊಂಡವಳೆಂದು ಹೇಳಿಕೊಂಡು, ಅನೇಕ ಹೆಂಗಸರ ಆಪ್ತಸಖಿಯಾಗಿ, ಕೆಲವರ ಪ್ರಣಯಿನಿಯೂ ಆಗಿದ್ದಳು. ಕಡೆಗೆ ನೋಡಿದರೆ ಅವಳು ನ್ಯೂಯಾರ್ಕಿನ ಪುರುಷ ಮನೋವೈದ್ಯನೊಬ್ಬನ ಸೃಷ್ಟಿ. ಇದನ್ನು ಪಾತ್ರಕ್ರೀಡೆಯೆಂದು ಕರೆಯುವುದೇ ತಪ್ಪೆನ್ನುವವರ ಮಾತಿನಲ್ಲಿ ಹುರುಳಿದೆ. ಆಡುತ್ತಿದ್ದವನಿಗೆ ಮಾತ್ರ ಆಟವೆಂದು ತಿಳಿದಿದ್ದು ಉಳಿದವರಿಗೆ ತಿಳಿಯದಿದ್ದರೆ ಅದು ವಂಚನೆಯೇ ಹೊರತು ಆಟವಲ್ಲ.

ಆಟವೆಂದು ಎಲ್ಲರಿಗೂ ತಿಳಿದಿದ್ದ ಲೋಕಗಳ ಪರಂಪರೆ ಇದಕ್ಕಿಂತ ಮೊದಲೇ ಆರಂಭವಾಗಿತ್ತು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್ 1978ರಲ್ಲಿ ರಚಿಸತೊಡಗಿದ ಮಡ್ ಎಂಬ ಆಟದಲ್ಲಿ ಕಾಡು, ಗುಹೆ, ನಿಧಿಗಳೆಲ್ಲ ಬರಿಯ ಅಕ್ಷರಗಳಿಂದಲೇ ಆಗಿದ್ದವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಜೇಮ್ಸ್ ಆಸ್ಪ್ನೆಸ್ 1989ರಲ್ಲಿ ಟೈನಿಮಡ್ಡನ್ನು ಹೊರತಂದು, ಅದರಲ್ಲಿ ಕಾದಾಟ ಮತ್ತು ಅಂಕಗಳನ್ನು ಕೈಬಿಟ್ಟಾಗ, ಜನರಿಗೆ ಉಳಿದದ್ದು ಮನೆ ಕಟ್ಟುವುದು ಮತ್ತು ಮಾತನಾಡುವುದು, ಇವೆರಡೇ. ಮಾತು ಸರಸಕ್ಕೆ ತಿರುಗಲು ಬಹುಕಾಲ ಹಿಡಿಯಲಿಲ್ಲ. ಮರುವರ್ಷ ಪಾವೆಲ್ ಕರ್ಟಿಸ್ ಅವರು ಕ್ಯಾಲಿಫೋರ್ನಿಯದಲ್ಲಿ ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ ಲ್ಯಾಮ್ಡಾಮೂ ಎಂಬ ಲೋಕವನ್ನು ಆರಂಭಿಸಿದರು. ನಿವಾಸಿಗಳು ತಾವೇ ಕೋಣೆಗಳನ್ನೂ ವಸ್ತುಗಳನ್ನೂ ಅವುಗಳ ವರ್ತನೆಯನ್ನೂ ಕ್ರಮವಿಧಿಯಾಗಿ ಬರೆದು ಸೇರಿಸಬಹುದಾಗಿದ್ದುದು ಅದರ ವೈಶಿಷ್ಟ್ಯ. ಅದೇ ಅದರ ಆಪತ್ತಿಗೂ ಕಾರಣವಾಯಿತು.

1993ರ ಮಾರ್ಚ್ ತಿಂಗಳ ಒಂದು ರಾತ್ರಿ, ಲ್ಯಾಮ್ಡಾಮೂವಿನ ಜನಸಂದಣಿಯ ಹಜಾರಕ್ಕೆ ಮಿಸ್ಟರ್ ಬಂಗಲ್ ಎಂಬ ವಿದೂಷಕವೇಷದ ಪಾತ್ರವೊಂದು ಬಂದು, ಮಾಟದ ಗೊಂಬೆಯೆಂದು ಹೆಸರಿಟ್ಟುಕೊಂಡಿದ್ದ ಒಂದು ಕ್ರಮವಿಧಿಯನ್ನು ಪ್ರಯೋಗಿಸಿತು. ಆ ಗೊಂಬೆಯ ಗುಣವೇನೆಂದರೆ, ಬೇರೆಯವರ ಪಾತ್ರಗಳು ಅವರು ಬರೆಯದಿದ್ದುದನ್ನು ಮಾಡಿದಂತೆ ಎಲ್ಲರ ತೆರೆಯ ಮೇಲೂ ಅಕ್ಷರಗಳು ಮೂಡುವುದು. ಹೀಗೆ ಹಲವರ ಪಾತ್ರಗಳು ಅವರ ಕಣ್ಣೆದುರಿಗೇ ಲೈಂಗಿಕ ಹಿಂಸೆಗೂ ಅವಮಾನಕ್ಕೂ ಒಳಗಾದಂತೆ ಬರೆಯಲ್ಪಟ್ಟವು. ಆ ವರ್ಷದ ಡಿಸೆಂಬರಿನಲ್ಲಿ ಜೂಲಿಯನ್ ಡಿಬೆಲ್ ಅವರು ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಇದನ್ನು ವಿಸ್ತಾರವಾಗಿ ನಿರೂಪಿಸಿದಾಗ ಪ್ರಕರಣ ಲೋಕಪ್ರಸಿದ್ಧವಾಯಿತು. ಯಾರ ದೇಹಕ್ಕೂ ಗಾಯವಾಗದಿದ್ದರೂ, ಮರುದಿನ ಪ್ರತಿಭಟನೆಯನ್ನು ಬರೆದ ಹೆಂಗಸು ಬರೆಯುವಾಗ ನಿಜವಾಗಿಯೇ ಕಣ್ಣೀರಿಡುತ್ತಿದ್ದಳೆಂದು ಡಿಬೆಲ್ ದಾಖಲಿಸಿದ್ದಾರೆ. ಅಪರಾಧಿಯನ್ನು ಲೋಕದಿಂದಲೇ ಅಳಿಸಿಹಾಕಬೇಕೆಂಬ ಬೇಡಿಕೆ ಎದ್ದಿತು. ಆದರೆ ಕೆಲವೇ ತಿಂಗಳ ಹಿಂದೆ ಕರ್ಟಿಸ್ ಅವರು, ಮಾಂತ್ರಿಕರೆಂದು ಕರೆಯಲ್ಪಡುತ್ತಿದ್ದ ನಿರ್ವಾಹಕರು ಇನ್ನು ಮುಂದೆ ಯಂತ್ರದ ಕೆಲಸವನ್ನು ಮಾತ್ರ ನೋಡಿಕೊಳ್ಳುವರೆಂದೂ ಸಾಮಾಜಿಕ ವಿವಾದಗಳಲ್ಲಿ ತೀರ್ಪು ಕೊಡರೆಂದೂ ಘೋಷಿಸಿದ್ದರಿಂದ ಶಿಕ್ಷಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಸಭೆ ಸೇರಿತು, ಗಂಟೆಗಟ್ಟಲೆ ಚರ್ಚೆಯಾಯಿತು, ನಿರ್ಣಯವಾಗಲಿಲ್ಲ. ಕಡೆಗೆ ಮಾಂತ್ರಿಕನೊಬ್ಬ ತನ್ನ ಸ್ವಂತ ವಿವೇಚನೆಯ ಮೇಲೆ ಬಂಗಲನನ್ನು ಅಳಿಸಿದ. ತರುವಾಯ ಕರ್ಟಿಸ್ ಅವರು ನಿವಾಸಿಗಳ ಮನವಿ ಮತ್ತು ಮತದಾನದ ವ್ಯವಸ್ಥೆಯನ್ನು ಜಾರಿಗೆ ತಂದರು.

ಈ ಪ್ರಕರಣದ ಚರ್ಚೆ ಸಾಮಾನ್ಯವಾಗಿ ಅಕ್ಷರದ ಹಿಂಸೆ ಹಿಂಸೆಯೋ ಅಲ್ಲವೋ ಎಂಬ ದಾರ್ಶನಿಕ ಪ್ರಶ್ನೆಯಲ್ಲಿ ಕಳೆದುಹೋಗುತ್ತದೆ. ಪಾತ್ರಕ್ರೀಡೆಯ ದೃಷ್ಟಿಯಿಂದ ಗಮನಿಸಬೇಕಾದುದು ಇನ್ನೂ ಸರಳ: ಬಂಗಲ್ ಕಿತ್ತುಕೊಂಡದ್ದು ಮತ್ತೊಬ್ಬರ ಪಾತ್ರವನ್ನು ಬರೆಯುವ ಹಕ್ಕನ್ನು. ಮತ್ತೊಬ್ಬರ ಪಾತ್ರವನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಬಾರದೆಂಬುದೇ ಇಂದಿಗೂ ಬಹುತೇಕ ಎಲ್ಲ ಸಮುದಾಯಗಳ ಮೊದಲನೆಯ ಕಟ್ಟಳೆ. ಇದನ್ನು ಮೀರುವುದಕ್ಕೆ ಆಟಗಾರರು ಗಾಡ್‌ಮಾಡಿಂಗ್ ಎನ್ನುತ್ತಾರೆ. ಕಾಳಗದಲ್ಲಿ ಇದು ಬರಿಯ ಅಶಿಷ್ಟತೆ, ಪ್ರಣಯದಲ್ಲಿ ಅತಿಕ್ರಮಣ. ಆದುದರಿಂದ ನುರಿತ ಬರಹಗಾರ ‘ಅವನು ಮುತ್ತಿಟ್ಟ, ಅವಳು ಕರಗಿಹೋದಳು’ ಎಂದು ಬರೆಯುವುದಿಲ್ಲ. ‘ಅವನು ಮೆಲ್ಲನೆ ಬಾಗಿದ’ ಎಂದು ಬರೆದು ಅಲ್ಲಿಗೆ ತನ್ನ ಸರದಿಯನ್ನು ಮುಗಿಸುತ್ತಾನೆ. ಅವಳು ಮುಖವೆತ್ತುವಳೋ, ಹಿಂದೆ ಸರಿಯುವಳೋ, ಆ ಹೊತ್ತಿಗೆ ಬಾಗಿಲು ಬಡಿದ ಸದ್ದಾಗುವುದೋ ಎಂಬುದು ಇನ್ನೊಬ್ಬರ ಲೇಖನಿಗೆ ಸೇರಿದ್ದು. ಸಮ್ಮತಿಯನ್ನು ವಾಕ್ಯರಚನೆಯೊಳಗೇ ಹೆಣೆದಿಟ್ಟ ಇಂಥ ಶೈಲಿ ಕಾದಂಬರಿಕಾರರಿಗೆ ತಿಳಿಯದು, ತಿಳಿಯಬೇಕಾದ ಅಗತ್ಯವೂ ಅವರಿಗಿಲ್ಲ.

ಕಥಾಲೋಕವೇ ಮಿತಿಗೆ ವಿರುದ್ಧವಾಗಿದ್ದರೆ ಏನು ಮಾಡಬೇಕೆಂಬ ತೊಡಕಿಗೆ ಪರ್ನ್ ಸಮುದಾಯಗಳು ಒಳ್ಳೆಯ ಉದಾಹರಣೆ. ಆ್ಯನ್ ಮೆಕಾಫ್ರಿ ಅವರ ‘ಡ್ರ್ಯಾಗನ್‌ಫ್ಲೈಟ್’ (1968) ಕಾದಂಬರಿಯಿಂದ ಮೊದಲಾದ ಮಾಲೆಯಲ್ಲಿ, ಪರ್ನ್ ಎಂಬ ಕಲ್ಪಿತ ಲೋಕದಲ್ಲಿ ಡ್ರ್ಯಾಗನ್ನುಗಳನ್ನು ಏರುವ ಸವಾರರ ಮನಸ್ಸು ಅವುಗಳ ಮನಸ್ಸಿನೊಂದಿಗೆ ಬೆಸೆದುಕೊಂಡಿರುತ್ತದೆ. ರಾಣಿ ಡ್ರ್ಯಾಗನ್ನು ಕೂಡುವ ಕಾಲಕ್ಕೆ ಆಗಸಕ್ಕೇರಿದಾಗ ಅದರ ಉನ್ಮಾದ ಸವಾರರನ್ನೂ ಆವರಿಸುತ್ತದೆ. ಗ್ರಂಥದ ಪುಟದಲ್ಲಿ ಇದು ವಿಧಿಯ ಆಟ. ಆದರೆ 1991ರಲ್ಲಿ ಆರಂಭವಾದ ಪರ್ನ್‌ಮಷ್ ಮತ್ತು ಅದರಂಥ ಲೋಕಗಳಲ್ಲಿ ಒಬ್ಬೊಬ್ಬ ಸವಾರನ ಹಿಂದೆಯೂ ಒಬ್ಬ ಜೀವಂತ ಆಟಗಾರನಿದ್ದು, ಯಾರ ಡ್ರ್ಯಾಗನ್ನು ಯಾರದನ್ನು ಹಿಡಿಯಿತೆಂಬುದು ಬೇಟೆಯ ಕೊನೆಯವರೆಗೂ ತಿಳಿಯದಾದ್ದರಿಂದ, ಕಥೆಯ ವಿಧಿ ಆಟಗಾರರ ಮೇಲಣ ಬಲಾತ್ಕಾರವಾಗುವ ಸಂಭವ ಎದ್ದುಕಾಣುತ್ತಿತ್ತು. ಪರಿಹಾರವೆಂದು ರೂಢಿಗೆ ಬಂದುದು ತೆರೆ ಎಳೆಯುವುದು, ಆಟಗಾರರ ಮಾತಿನಲ್ಲಿ ಫೇಡ್ ಟು ಬ್ಲ್ಯಾಕ್: ಆಕಾಶದ ಬೇಟೆಯನ್ನು ಎಲ್ಲರೂ ಕೂಡಿ ಬರೆಯುವುದು, ನೆಲಕ್ಕಿಳಿದ ಮೇಲಿನದನ್ನು ನಡೆಯಿತೆಂದು ಅಂಗೀಕರಿಸಿ ಬರೆಯದೆ ಬಿಡುವುದು. ಪಾತ್ರಕ್ಕೆ ಆಯ್ಕೆಯಿಲ್ಲದಿದ್ದರೂ ಬರಹಗಾರನಿಗೆ ಆಯ್ಕೆ ಉಳಿಯುವಂತೆ ಮಾಡಿದ ಈ ಏರ್ಪಾಟು, ನನಗೆ ತೋರುವ ಮಟ್ಟಿಗೆ, ಈ ಕ್ಷೇತ್ರದ ಅತ್ಯಂತ ಸೂಕ್ಷ್ಮವಾದ ಕಲ್ಪನೆ.

ಇದಕ್ಕೆ ಸಮಾನವಾದ ಚಿಂತನೆ ಗಣಕದ ಹೊರಗೆ, ಮೇಜಿನ ಸುತ್ತ ಕುಳಿತು ಆಡುವವರಲ್ಲಿಯೂ, ಲಾರ್ಪ್ ಎಂಬ ವೇಷಧಾರಿ ಆಟದವರಲ್ಲಿಯೂ ನಡೆಯಿತು. ಅದರ ಪದಗಳನ್ನೇ ಅಂತರ್ಜಾಲದವರು ಈಗ ಬಳಸುತ್ತಾರೆ. ಅಮೆರಿಕದ ರಾನ್ ಎಡ್ವರ್ಡ್ಸ್ 2003ರ ತಮ್ಮ ಪುಸ್ತಕವೊಂದರಲ್ಲಿ, ಕಥೆಯಲ್ಲಿ ಕಾಲಿಡಲೇಬಾರದ ವಿಷಯಗಳಿಗೆ ಗೆರೆಗಳೆಂದೂ, ನಡೆದರೂ ಮರೆಯಲ್ಲಿ ನಡೆಯಬೇಕಾದವಕ್ಕೆ ಮುಸುಕುಗಳೆಂದೂ ಹೆಸರಿಟ್ಟು, ಆಟಗಾರರು ಅವನ್ನು ಮೊದಲೇ ಹೇಳಿಕೊಳ್ಳಬೇಕೆಂದರು. ಅದೇ ವರ್ಷ ಸ್ವೀಡನ್ನಿನ ಎಲಿಯಟ್ ವೀಸ್ಲಾಂಡರ್ ಒಂದು ಲಾರ್ಪಿಗಾಗಿ ಆರ್ಸ್ ಅಮಾಂಡಿ ಎಂಬ ವಿಧಾನವನ್ನು ರೂಪಿಸಿದರು. ಅದರಲ್ಲಿ ಪಾತ್ರಗಳ ಸಮಾಗಮವನ್ನು ಆಟಗಾರರು ಕೈ, ತೋಳು, ಹೆಗಲುಗಳ ಸ್ಪರ್ಶದಿಂದಲೂ ನೋಟದಿಂದಲೂ ಸೂಚಿಸುತ್ತಾರೆ. ಪಾತ್ರದ ಭಾವ ಆಟಗಾರನಿಗೂ ಆಟಗಾರನ ಭಾವ ಪಾತ್ರಕ್ಕೂ ಸೋರುವುದನ್ನು ಎಮಿಲಿ ಕೇರ್ ಬಾಸ್ 2007ರಲ್ಲಿ ಫಿನ್ಲೆಂಡಿನ ರೋಪ್‌ಕಾನ್ ಸಮ್ಮೇಳನದಲ್ಲಿ ಬ್ಲೀಡ್ ಎಂದು ಹೆಸರಿಸಿದರು. ಬ್ಲೀಡನ್ನು ರೋಗವೆಂದು ತಿಳಿಯಬೇಕಾದುದಿಲ್ಲ. ಅದರ ಸವಿಗಾಗಿಯೇ ಆಡುವವರೂ ಬಹಳ. ನ್ಯೂಯಾರ್ಕಿನ ಜಾನ್ ಸ್ಟಾವ್ರೋಪೋಲಸ್ ಅವರ ಎಕ್ಸ್-ಕಾರ್ಡ್ ಎಂಬುದು ಇನ್ನೂ ಸರಳ: ಮೇಜಿನ ಮೇಲಿರುವ ಒಂದು ಕಾರ್ಡನ್ನು ಯಾರು ಮುಟ್ಟಿದರೂ, ಕಾರಣ ಕೇಳದೆ, ಆ ಪ್ರಸಂಗವನ್ನು ಬಿಟ್ಟು ಮುಂದೆ ಹೋಗಬೇಕು.

ಲೈವ್‌ಜರ್ನಲ್, ಡ್ರೀಮ್‌ವಿಡ್ತ್, ಟಂಬ್ಲರ್, ಡಿಸ್ಕಾರ್ಡ್ ಮೊದಲಾದ ನೆಲೆಗಳಲ್ಲಿ ಬೆಳೆದ ಬರಹಗಾರರ ಪೀಳಿಗೆ ಹೊರಮಾತನ್ನು ಒಂದು ಶಿಷ್ಟಾಚಾರವನ್ನಾಗಿಯೇ ಬೆಳೆಸಿತು. ಬರಹಗಾರನಿಗೆ ಮನ್ ಎಂದೂ ಪಾತ್ರಕ್ಕೆ ಮ್ಯೂಸ್ ಎಂದೂ ಹೆಸರು. ಮ್ಯೂಸಿನ ಅಭಿಪ್ರಾಯ ಮನ್‌ನದಲ್ಲವೆಂಬ ಪ್ರಕಟಣೆ ಬಹುಮಂದಿಯ ನಿಯಮಪತ್ರದಲ್ಲಿ ಇರುತ್ತದೆ. ಯಾವ ಜೋಡಿಗೆ ಒಪ್ಪಿಗೆ, ಒಂದೇ ಮ್ಯೂಸ್ ಏಕಕಾಲದಲ್ಲಿ ಹಲವರೊಡನೆ ಬೇರೆಬೇರೆ ಕಥೆಗಳಲ್ಲಿ ಪ್ರೀತಿಸಬಹುದೆ, ಪ್ರಣಯದೃಶ್ಯ ಎಲ್ಲಿಗೆ ನಿಲ್ಲಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಆದರೂ ಜಗಳಗಳು ತಪ್ಪಿಲ್ಲ. ಸಂಗಾತಿ ಬರಹಗಾರ್ತಿ ಬೇರೊಬ್ಬರೊಡನೆ ಹೊಸ ಪ್ರಣಯಕಥೆಯನ್ನು ಆರಂಭಿಸಿದಳೆಂಬ ಅಸೂಯೆ, ಉತ್ತರ ತಡವಾಯಿತೆಂಬ ಮುನಿಸು, ಪಾತ್ರದ ವಿವಾಹದಿಂದ ವ್ಯಕ್ತಿಯ ದೂರವಾಣಿ ಸಂಖ್ಯೆಗೆ ಹಕ್ಕು ಹುಟ್ಟಿತೆಂಬ ತಪ್ಪು ಗ್ರಹಿಕೆ, ಇವು ನಿತ್ಯದ ದೂರುಗಳು. ಎಲ್ಲಕ್ಕಿಂತ ಕಷ್ಟದ್ದು ಪ್ರಣಯವನ್ನು ಮುಗಿಸುವುದು. ಪಾತ್ರವನ್ನು ಕಥೆಯೊಳಗೇ ಕೊಂದು ಪಾರಾಗುವ ಸುಲಭೋಪಾಯವನ್ನು ಅನೇಕರು ಹಿಡಿಯುತ್ತಾರೆ. ಹೊರಮಾತಿನಲ್ಲಿ ಹೇಳಬೇಕಾದುದನ್ನು ಒಳಮಾತಿನಲ್ಲಿ ಹೇಳಿದರೆ ಎದುರಿನವರಿಗೆ ಅದು ತಿರಸ್ಕಾರವೋ ಕಥೆಯ ತಿರುವೋ ತಿಳಿಯುವುದಿಲ್ಲ. ಇನ್ನೊಂದು ಕಡೆ, ನಿಯಮಪತ್ರ ಪುಟಗಟ್ಟಲೆ ಬೆಳೆದು, ಮೊದಲ ನೋಟದಿಂದ ವಿಚ್ಛೇದನದವರೆಗೆ ಎಲ್ಲವನ್ನೂ ಪೂರ್ವನಿಶ್ಚಯ ಮಾಡಿಕೊಂಡ ಮೇಲೆ ಬರೆಯುವುದಕ್ಕೆ ಉಳಿಯುವುದು ಗುಮಾಸ್ತಗಿರಿ ಮಾತ್ರ ಎಂಬ ಹಳಬರ ಗೊಣಗಾಟವನ್ನೂ ತಳ್ಳಿಹಾಕುವಂತಿಲ್ಲ.

ವ್ಯಾಪಾರೀ ಆಟಗಳಲ್ಲಿ ಪ್ರಣಯ ಒಂದು ಸರಕೂ ಹೌದು. 2003ರಲ್ಲಿ ತೆರೆದ ಸೆಕೆಂಡ್ ಲೈಫ್ ಲೋಕದಲ್ಲಿ ಸಂಗಾತಿಯ ಹೆಸರನ್ನು ಅಲ್ಲಿನ ನಾಣ್ಯದ ಅಲ್ಪ ಶುಲ್ಕ ತೆತ್ತು ದಾಖಲಿಸಬಹುದು. ಫೈನಲ್ ಫ್ಯಾಂಟಸಿ 14 ಎಂಬ ಆಟ 2014ರಲ್ಲಿ ಲಿಂಗಭೇದವಿಲ್ಲದೆ ಯಾವ ಎರಡು ಪಾತ್ರಗಳಿಗಾದರೂ ವಿವಾಹವಿಧಿಯನ್ನು ಒದಗಿಸಿತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನ ಮೂನ್ ಗಾರ್ಡ್ ಎಂಬ ಪಾತ್ರಕ್ರೀಡೆಯ ನೆಲೆಯಲ್ಲಿ ಗೋಲ್ಡ್‌ಶೈರ್ ಗ್ರಾಮದ ಛತ್ರ ಶೃಂಗಾರಕ್ಕೆ ಎಷ್ಟು ಕುಪ್ರಸಿದ್ಧವಾಯಿತೆಂದರೆ, 2010ರಲ್ಲಿ ಆಟವನ್ನು ನಡೆಸುವ ಸಂಸ್ಥೆ ಅಲ್ಲಿ ಕಾವಲು ನಡೆಸುವುದಾಗಿ ತಿಳಿಸಬೇಕಾಯಿತು.

ವಯಸ್ಸಿನ ವಿಷಯದಲ್ಲಿ ಮಾತ್ರ ಪರಸ್ಪರ ಒಪ್ಪಿಗೆಯ ತತ್ತ್ವ ಸಾಲದು. ಪಾತ್ರಕ್ಕೆ ಎಷ್ಟೇ ವಯಸ್ಸೆಂದು ಬರೆದಿರಲಿ, ಬರಹಗಾರ 18ಕ್ಕೆ ಕಡಿಮೆಯವನಾದರೆ ವಯಸ್ಕರು ಅವನೊಡನೆ ಶೃಂಗಾರವನ್ನು ಬರೆಯತಕ್ಕುದಲ್ಲವೆಂಬುದು ಹೊಣೆಯರಿತ ಸಮುದಾಯಗಳಲ್ಲಿ ಚರ್ಚೆಗೆ ಅತೀತವಾದ ಗೆರೆ. ಪಾತ್ರವೇ ಅಪ್ರಾಪ್ತವಾಗಿದ್ದರೂ ಅಷ್ಟೇ. ತೆರೆಯ ಹಿಂದಿನ ವಯಸ್ಸನ್ನು ಪರೀಕ್ಷಿಸುವ ಸಾಧನ ಸಮುದಾಯಗಳ ಕೈಯಲ್ಲಿ ಇಲ್ಲದಿರುವುದೇ ಇದರ ದೌರ್ಬಲ್ಯ. ಕಾನೂನುಗಳಲ್ಲಿಯೂ ವಯಸ್ಸಿನ ಗೆರೆ ಒಂದೇ ಅಲ್ಲ: ಅಮೆರಿಕದ 1998ರ ಶಾಸನ 13ಕ್ಕೆ ಕಡಿಮೆಯವರ ಮಾಹಿತಿಯನ್ನು ಮಾತ್ರ ಗಮನಿಸಿದರೆ, ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ 18ರವರೆಗೂ ಮಗುವೆಂದೇ ಎಣಿಸಿ ಪೋಷಕರ ಅನುಮತಿಯನ್ನು ಕೇಳುತ್ತದೆ. ಸಂಸ್ಥೆಗಳು ಕೈಹಾಕಿದಾಗ ಆದುದು ಹೆಚ್ಚಾಗಿ ವಿವೇಚನೆಯಿಲ್ಲದ ಶುದ್ಧೀಕರಣ: 2007ರಲ್ಲಿ ಲೈವ್‌ಜರ್ನಲ್ ಸುಮಾರು 500 ಖಾತೆಗಳನ್ನು ಅಮಾನತುಮಾಡಿದಾಗ ಅವುಗಳಲ್ಲಿ ನಿರಪರಾಧಿ ಕಥಾಸಮುದಾಯಗಳೂ ಸೇರಿದ್ದವು.

ಅಕ್ಷರಲೋಕದ ಈ ಸಮಸ್ಯೆಗಳು ಕನ್ನಡಕ ಧರಿಸಿ ಪ್ರವೇಶಿಸುವ ಆಭಾಸವಾಸ್ತವದಲ್ಲಿ, ಅಂದರೆ ವರ್ಚುವಲ್ ರಿಯಾಲಿಟಿಯಲ್ಲಿ, ದೇಹದ ಸಮಸ್ಯೆಗಳಾಗಿ ಮರಳಿವೆ. 2016ರಲ್ಲಿ ಕ್ವಿವಿಆರ್ ಎಂಬ ಬಿಲ್ಗಾರಿಕೆಯ ಆಟದಲ್ಲಿ ಅಪರಿಚಿತ ಆಟಗಾರನೊಬ್ಬ ತನ್ನ ಪಾತ್ರದ ಮೈಮೇಲೆ ಕೈಮಾಡಿದನೆಂದು ಹೆಂಗಸೊಬ್ಬಳು ಬರೆದಾಗ, ನಿರ್ಮಾಪಕರು ಸಮೀಪಿಸಿದವರನ್ನು ಒಂದು ಕೈಸನ್ನೆಯಿಂದ ತಮ್ಮ ನೋಟದಿಂದ ಮರೆಯಾಗಿಸುವ ಶಕ್ತಿಯನ್ನು ಆಟಗಾರರಿಗೆ ಕೊಟ್ಟರು. ಮೆಟಾ ಸಂಸ್ಥೆ ತನ್ನ ಹೊರೈಜನ್ ಲೋಕಗಳಲ್ಲಿ 2022ರ ಫೆಬ್ರವರಿಯಲ್ಲಿ ಪಾತ್ರಗಳ ನಡುವೆ ಸುಮಾರು ನಾಲ್ಕು ಅಡಿಯ ಅಂತರವನ್ನು ಯಂತ್ರದಿಂದಲೇ ವಿಧಿಸಿತು. ಇಂಥ ಬೇಲಿ ಅತಿಕ್ರಮಣವನ್ನು ತಡೆಯುತ್ತದೆ, ನಿಜ; ಆದರೆ ಇಷ್ಟಪಟ್ಟು ಆಲಿಂಗಿಸುವವರನ್ನೂ ಅಷ್ಟೇ ನಿಷ್ಪಕ್ಷಪಾತವಾಗಿ ತಡೆಯುತ್ತದೆ. ಬೇಲಿಯ ಅಳತೆಯನ್ನು ಆಟಗಾರರೇ ಬದಲಿಸಿಕೊಳ್ಳುವಂತೆ ಮಾಡಬೇಕಾಗಿ ಬಂದುದು ಅದರಿಂದಲೇ.

ಎದುರಿಗೆ ಮನುಷ್ಯನೇ ಇಲ್ಲದ ಪಾತ್ರಕ್ರೀಡೆ ಈ ಚರಿತ್ರೆಯ ಇತ್ತೀಚಿನ ಅಧ್ಯಾಯ. ಕೃತಕ ಬುದ್ಧಿಯ ಸಂಗಾತಿಯನ್ನು ಒದಗಿಸುವ ರೆಪ್ಲಿಕಾ 2017ರಲ್ಲಿಯೂ, ಯಾವ ಪಾತ್ರದೊಡನೆಯಾದರೂ ಸಂಭಾಷಿಸಬಹುದಾದ ಕ್ಯಾರೆಕ್ಟರ್ ಡಾಟ್ ಎಐ 2022ರಲ್ಲಿಯೂ ಬಳಕೆಗೆ ಬಂದವು. 2023ರ ಫೆಬ್ರವರಿಯಲ್ಲಿ ಇಟಲಿಯ ದತ್ತಾಂಶ ಸಂರಕ್ಷಣಾ ಪ್ರಾಧಿಕಾರ, ಅಪ್ರಾಪ್ತರಿಗಾಗುವ ಅಪಾಯವನ್ನು ಕಾರಣವಾಗಿ ಹೇಳಿ, ತನ್ನ ದೇಶದವರ ಮಾಹಿತಿಯನ್ನು ರೆಪ್ಲಿಕಾ ಬಳಸುವುದನ್ನು ನಿಷೇಧಿಸಿತು. ಅದೇ ತಿಂಗಳು ರೆಪ್ಲಿಕಾದ ಸಂಸ್ಥೆ ಶೃಂಗಾರ ಸಂಭಾಷಣೆಯನ್ನು ನಿಲ್ಲಿಸಿದಾಗ, ತಮ್ಮ ಸಂಗಾತಿ ರಾತ್ರೋರಾತ್ರಿ ಅಪರಿಚಿತವಾಯಿತೆಂದು ಅನೇಕರು ಶೋಕಿಸಿದರು. ಮರುತಿಂಗಳು ಫೆಬ್ರವರಿ 1ಕ್ಕೆ ಮೊದಲು ಸೇರಿದ್ದ ಬಳಕೆದಾರರಿಗೆ ಅದನ್ನು ಹಿಂದಿರುಗಿಸಲಾಯಿತು. ಕ್ಯಾರೆಕ್ಟರ್ ಡಾಟ್ ಎಐ 2025ರ ನವೆಂಬರಿನಲ್ಲಿ 18ಕ್ಕೆ ಕಡಿಮೆಯವರ ಮುಕ್ತಸಂಭಾಷಣೆಯನ್ನು ನಿಲ್ಲಿಸಿತು. ಇಲ್ಲಿ ಆವರಣಚಿಹ್ನೆಯೊಳಗೆ ಬರೆದ ಹೊರಮಾತಿಗೂ ಉತ್ತರ ಬರುತ್ತದೆ; ಆದರೆ ಉತ್ತರಿಸುವುದು ಕಥೆಯ ಪಾತ್ರವನ್ನು ಬರೆದ ಯಂತ್ರವೇ, ಅದಕ್ಕೆ ಬೇಸರವಾಗುವುದಿಲ್ಲ, ಹಿಂದೆ ಸರಿಯಬೇಕೆಂಬ ತನ್ನದೇ ಕಾರಣವೂ ಇಲ್ಲ. ಮಿತಿಯ ಮಾತುಕತೆ ಈಗ ನಡೆಯುವುದು ಬಳಕೆದಾರನಿಗೂ ಯಂತ್ರದ ಒಡೆಯನಿಗೂ ನಡುವೆ, ದೂರುಪತ್ರ ಮತ್ತು ಚಂದಾಹಣದ ಭಾಷೆಯಲ್ಲಿ.